ಕೆಂಪ, ಹಸಿರ ಮತ್ತು ಖಾಲಿ ತಕ್ಕಡಿ

ಪಂದ್ಯ ಕಟ್ಟಿದ್ದು ನಾಲ್ಕು ತಟ್ಟೆ ಇಡ್ಲಿಗೆ. ಕ್ಯಾತ್ಸಂದ್ರದ್ದೇ ಆಗಬೇಕು, ಮೇಲೆ ಬೆಣ್ಣೆ. ತಕರಾರಿನ ವಿಷಯ, ಕಂಪ್ಯೂಟರ್ ಆಟದ ಚಿತ್ರ ಬರೆಯೋ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 4060 ಮೇಲೋ, ಆರ್‌ಎಕ್ಸ್ 7600 ಮೇಲೋ ಅನ್ನೋದು. ಮೊದಲನೆಯದರ ವಕಾಲತ್ತು ವಹಿಸಿದವನಿಗೆ ತುಮಕೂರಿನ ಅಮಾನಿಕೆರೆ ದಂಡೆಯ ಬಳಗ ಇಟ್ಟ ಹೆಸರು ಹಸಿರ, ಎನ್‌ವಿಡಿಯಾದ ಬಣ್ಣ ಅದು. ಇನ್ನೊಬ್ಬ ಕೆಂಪ, ಎಎಂಡಿ ಪಾರ್ಟಿ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

“ಇದರಲ್ಲೇನು ಕಷ್ಟ?” ಅಂದ ಕೆಂಪ. “ನನ್ ಕಾರ್ಡು ನಮ್ಮನೇಲಿ ಓಡಿಸ್ತೀನಿ, ಅವನ್ದು ಅವರ ಮನೇಲಿ ಓಡಿಸ್ಲಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಫ್ರೇಮು, ಅಂದ್ರೆ ಚಿತ್ರ) ಎಷ್ಟು ಬಂತು ಅಂತ ಫೋಟೋ ಹೊಡೆದು ಗ್ರೂಪಿಗೆ ಹಾಕೋದು.”

ಮೇಷ್ಟ್ರು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಹುಡುಗರ ಕೈಗೆ ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟು ಕೊಟ್ಟು ತಲೆ ನರೆಸಿಕೊಂಡವರು. ಕಡ್ಲೆಕಾಯಿ ಸಿಪ್ಪೆ ಊದಿ, “ಅವನ ಹುಣಸೆಹಣ್ಣು ಮಂಡಿಪೇಟೆ ತಕ್ಕಡೀಲಿ, ನಿನ್ನ ಹುಣಸೆಹಣ್ಣು ನಿಮ್ಮಜ್ಜಿ ತಕ್ಕಡೀಲಿ. ಆಮೇಲೆ ಇಬ್ರೂ ನ್ಯಾಯ ಕೇಳೋಕೆ ನನ್ನ ಹತ್ರ ಬರ್ತೀರ” ಅಂದರು.

“ತಕ್ಕಡಿ ಬಿಡಿ ಮೇಷ್ಟ್ರೇ, ಕಾರ್ಡ್ ಕೂರಿಸೋ ಇವನ ಮನೆ ಮದರ್‌ಬೋರ್ಡೇ ಹಳೇ ಪಿಸಿಐ ಎಕ್ಸ್‌ಪ್ರೆಸ್ 3.0,” ಅಂದ ರಿಪೇರಿ. ಕಂಪ್ಯೂಟರ್ ಅಂಗಡಿಯವನು, ಬಳಗದಲ್ಲಿ ಸ್ಕ್ರೂಡ್ರೈವರ್ ಹಿಡಿಯೋಕೆ ಬರೋದು ಅವನೊಬ್ಬನಿಗೇ. “ಈ ಎರಡೂ ಕಾರ್ಡಿನ ಪಟ್ಟಿ ನೋಡೋಕೆ ಹದಿನಾರು ಲೇನಿನಷ್ಟು (ಮಾಹಿತಿ ಓಡೋ ದಾರಿ) ಉದ್ದ, ಒಳಗೆ ತಂತಿ ಎಂಟೇ ಲೇನಿಗೆ. 4.0 ಬೋರ್ಡಲ್ಲಿ ಎಂಟು ಲೇನು ಅಂದ್ರೆ ಸೆಕೆಂಡಿಗೆ ಸುಮಾರು 16 ಜಿಬಿ ಹೋಗುತ್ತೆ, 3.0ರಲ್ಲಿ ಅದರರ್ಧ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ, ಕಂಪ್ಯೂಟರಿನ ರ್‍ಯಾಮ್ ಕಡೆ ಕೈ ಚಾಚಿದಾಗ ಗೊತ್ತಾಗುತ್ತೆ ಆ ಅರ್ಧದ ಏಟು. ಸಾಲದ್ದಕ್ಕೆ ಇವನದು ಒಂದೇ ರ್‍ಯಾಮ್ ಕಡ್ಡಿ.”

“ಒಂದೇ ಆದ್ರೂ 16 ಜಿಬಿ ಐತಲ್ಲಾ!”

“ಇದ್ರೇನು, ಓಡೋದು ಒಂದೇ ಚಾನೆಲ್. ಎರಡು ಕಡ್ಡಿ ಬೇಕು. ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಎರಡನೇದು ಮತ್ತು ನಾಲ್ಕನೇದು, ಹೆಚ್ಚಿನ ಬೋರ್ಡುಗಳಲ್ಲಿ ಅವೇ ಸ್ಲಾಟು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗು) ಕಡ್ಡಿಯ ಪೂರ್ತಿ ವೇಗ ತೆಗೆಯೋ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡ್ದೆ ಹೋದ್ರೆ 6000ದ ಡಿಡಿಆರ್5 ಕಡ್ಡಿ 4800ರಲ್ಲಿ ತೂಕಡಿಸ್ತಾ ಕೂತಿರುತ್ತೆ. ಕಾರ್ಡಿನ ಮೆಮೊರಿ ಅಷ್ಟನ್ನೂ ಪ್ರೊಸೆಸರ್ ಒಂದೇ ಸಲ ಮುಟ್ಟೋ ಹಾಗೆ ಮಾಡೋ ರೀಸೈಜಬಲ್ ಬಾರ್ ಕೂಡ ಆನ್ ಇರ್ಬೇಕು. ಒಂದೇ ಮಷಿನ್ನು, ಒಂದೇ ವಿಂಡೋಸು, ಬದಲಾಗೋದು ಕಾರ್ಡ್ ಮಾತ್ರ. ಹಸಿರನ ಮನೇದೇ ಇರ್ಲಿ, ಅವನ್ದು ಹೊಸದು.”

“ಅವನ ಮನೇಲಾ? ಆಗಲ್ಲ! ಅವನ ಮಷಿನ್ನು ಅವನ ಕಾರ್ಡಿನ ಪರ ನಿಲ್ಲುತ್ತೆ.”

“ಹಂಗಾದ್ರೆ ಮಷಿನ್ನಿಗೂ ಪಾರ್ಟಿ ಟಿಕೆಟ್ ಕೊಟ್ರಾ?” ಅಂತ ಮೇಷ್ಟ್ರು ನಕ್ಕರು. ಕಡ್ಲೆಕಾಯಿ ಕಟ್ಟಿಕೊಟ್ಟಿದ್ದ ಪೇಪರನ್ನು ಬಿಡಿಸಿ, ಜೇಬಿನಿಂದ ಪೆನ್ನು ತೆಗೆದು ಅಂಚಿನಲ್ಲಿ ‘1. ಒಂದೇ ಮಷಿನ್ನು’ ಅಂತ ಬರೆದರು. ಹಸಿರ ಅದರದೇ ಒಂದು ಮೂಲೆ ಹರಿದು ಸಿಪ್ಪೆಗೆ ತಟ್ಟೆ ಮಾಡಿಕೊಂಡ.

ಪಾರ್ಟಿ ಅಂದಾಕ್ಷಣ ಹಸಿರನಿಗೆ ಹುರುಪು ಬಂತು. “ಮೋಸ ಮಾಡೋ ಚಾಳಿ ಅವರ ಕಡೆಯವರಿಗೇ ಇರೋದು. 2001ರಲ್ಲಿ ರೇಡಿಯಾನ್ 8500 ಬಂದಾಗ ಏನಾಯ್ತು? ಡ್ರೈವರು, ಅಂದ್ರೆ ಕಾರ್ಡ್ ಓಡಿಸೋ ಸಾಫ್ಟ್‌ವೇರು, ಕ್ವೇಕ್ 3 ಅನ್ನೋ ಆಟದ ಫೈಲ್ ಹೆಸರು ನೋಡಿ ಗುರುತು ಹಿಡಿದು ಚಿತ್ರದ ಗುಣಮಟ್ಟ ಇಳಿಸ್ತಿತ್ತು. ಯಾರೋ ಫೈಲಿನ ಹೆಸರು ಕ್ವ್ಯಾಕ್ ಅಂತ ತಿದ್ದಿದ್ರು, ಚಿತ್ರ ಚೆನ್ನಾಗಾಯ್ತು, ವೇಗ ಬಿತ್ತು!”

“ಆಗ ಅದು ಎಟಿಐ ಕಂಪನಿ ಕಣೋ, ಎಎಂಡಿ ಕೊಂಡಿದ್ದು 2006ರಲ್ಲಿ. ನಿಮ್ಮೋರು ಸಾಚಾನಾ? 2003ರಲ್ಲಿ 3ಡಿಮಾರ್ಕ್03 ಪರೀಕ್ಷೇಲಿ ಕ್ಯಾಮೆರಾ ಎಲ್ಲೆಲ್ಲಿ ಹೋಗುತ್ತೆ ಅಂತ ಮೊದಲೇ ತಿಳ್ಕೊಂಡು, ಕಣ್ಣಿಗೆ ಬೀಳದ ಕಡೆ ಬಣ್ಣಾನೇ ಬಳೀದೆ ಓಡ್ತಿತ್ತು ನಿಮ್ಮ ಡ್ರೈವರು. ಪರೀಕ್ಷೆಯವರು ಪ್ಯಾಚ್ ಬಿಟ್ಟ ಮೇಲೆ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಹತ್ತಿರ ಹತ್ತಿರ ಕಾಲು ಭಾಗ ಇಳೀತು.”

“ನೋಡಿದ್ರಾ, ಇಬ್ರೂ ಕಾಪಿ ಹೊಡೆದು ಸಿಕ್ಕಿಬಿದ್ದೋರೇ,” ಅಂದ ಮೇಷ್ಟ್ರು ‘2. ಎರಡೂ ಕಾರ್ಡಿನ ಸ್ಕ್ರೀನ್‌ಶಾಟ್, ಒಂದೇ ಜಾಗದಲ್ಲಿ’ ಅಂತ ಸೇರಿಸಿದರು.

“ಸ್ಕ್ರೀನ್‌ಶಾಟ್ ಬೇಕೇ ಬೇಕು, ಆದರೆ ಆ ಕಾರಣಕ್ಕಲ್ಲ,” ಅಂದ ರಿಪೇರಿ. “ಕಾರ್ಡ್ ಬದಲಾದ ತಕ್ಷಣ ಎಷ್ಟೋ ಆಟಗಳು ‘ಓಹೋ, ಹೊಸಬರು ಬಂದ್ರು’ ಅಂತ ಸೆಟ್ಟಿಂಗನ್ನ ತಾವೇ ಬದಲಾಯಿಸಿಬಿಡ್ತವೆ. ಅಲ್ಟ್ರಾ ಇದ್ದದ್ದು ಹೈ ಆಗಿರುತ್ತೆ. ಒಂದ್ರಲ್ಲಿ ಡಿಎಲ್‌ಎಸ್‌ಎಸ್ ಆನ್, ಇನ್ನೊಂದ್ರಲ್ಲಿ ಎಫ್‌ಎಸ್‌ಆರ್ ಆನ್, ಎರಡೂ ಚಿತ್ರ ಹಿಗ್ಗಿಸೋ ತಂತ್ರಾನೇ. ಇಲ್ಲಾ ಒಂದು ಪೂರ್ತಿ 1440 ಸಾಲಿನಲ್ಲಿ ಚಿತ್ರ ಬರೀತಿದ್ರೆ ಇನ್ನೊಂದು ಸಣ್ಣದಾಗಿ ಬರೆದು ಹಿಗ್ಗಿಸ್ತಿರುತ್ತೆ. ಕಾರ್ಡ್ ಹಾಕಿದ ಮೇಲೆ ಮೆನುವಿನ ಒಂದೊಂದು ಪುಟಾನೂ ಫೋನಲ್ಲಿ ಫೋಟೋ ತೆಗೆದು ಮೊದಲಿನದರ ಪಕ್ಕ ಇಟ್ಟು ನೋಡ್ಬೇಕು. ಫ್ರೇಮನ್ನ ಮಾನಿಟರಿನ ತಾಳಕ್ಕೆ ಕಟ್ಟಿಹಾಕೋ ವಿ-ಸಿಂಕ್ ಆಫ್, ಫ್ರೇಮ್ ಮಿತಿ ಆಫ್, ಡೈನಾಮಿಕ್ ರೆಸಲ್ಯೂಷನ್ ಆಫ್.”

“ಫ್ರೇಮ್ ಜನರೇಷನ್ ಆನ್ ಇರ್ಲಿ!” ಅಂದ ಹಸಿರ.

“ಅದು ಹಾಲಿಗೆ ನೀರು,” ಅಂದ ಕೆಂಪ.

“ನೀರಂತೂ ನಿನ್ನ ಕ್ಯಾನಿನಲ್ಲೂ ಐತೆ, ಡ್ರೈವರಿನೊಳಗೇ ಫ್ಲೂಯಿಡ್ ಮೋಷನ್ ಫ್ರೇಮ್ಸ್ ಅಂತ ಇಟ್ಟವರೆ,” ಅಂದ ರಿಪೇರಿ. “ಎರಡೂ ಆಫ್. ಅದು ಎರಡು ನಿಜವಾದ ಫ್ರೇಮಿನ ನಡುವೆ ಊಹೆ ಮಾಡಿ ತೂರಿಸಿದ ಚಿತ್ರ. ಮೌಸ್ ಅಲ್ಲಾಡಿಸಿದ್ದಕ್ಕೆ ಅದು ಉತ್ತರ ಕೊಡಲ್ಲ. ಬೇಕಿದ್ರೆ ಬೇರೆ ಕಾಲಂ ಮಾಡಿ ಬರ್ಕೊಳಿ, ಇದ್ರಲ್ಲಿ ಕಲಸ್ಬೇಡಿ.”

ಕಾರ್ಡ್ ಬದಲಿಸೋ ಕ್ರಮವನ್ನು ರಿಪೇರಿ ಬೆರಳು ಮಡಚಿ ಹೇಳಿದ. ಹೊಸ ಡ್ರೈವರು ಎರಡೂ ಕಂಪನಿಯದು ಮೊದಲೇ ಡೌನ್‌ಲೋಡ್ ಆಗಿರಬೇಕು. ಆಮೇಲೆ ಇಂಟರ್‌ನೆಟ್ ಕೇಬಲ್ ಕೀಳಬೇಕು, ಇಲ್ಲದಿದ್ದರೆ ನಾವು ಹಳೇದನ್ನು ಗುಡಿಸುವಷ್ಟರಲ್ಲಿ ವಿಂಡೋಸ್ ಯಾವುದೋ ಡ್ರೈವರನ್ನು ತಂದು ಕೂರಿಸಿರುತ್ತೆ. ಸೇಫ್ ಮೋಡಿಗೆ ಹೋಗಿ ಡಿಡಿಯು ಅನ್ನೋ ಸಾಫ್ಟ್‌ವೇರ್ ಓಡಿಸಿ ಹಳೇ ಡ್ರೈವರ್ ಬುಡಸಮೇತ ತೆಗೆದು, ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟು ಇಳಿಸಿ, ಆಮೇಲೆ ಸ್ಕ್ರೂಗೆ ಕೈ ಹಾಕೋದು. ಸ್ಲಾಟಿನ ತುದಿಯ ಕ್ಲಿಪ್ ಒತ್ತದೆ ಎಳೆದರೆ ಕಾರ್ಡಿನ ಜೊತೆ ಸ್ಲಾಟೂ ಬರುತ್ತೆ.

“ಮಾನಿಟರ್ ಕೇಬಲ್ಲು ಕಾರ್ಡಿಗೇ ಹಾಕಿ. ಬೋರ್ಡಿಗೆ ಚುಚ್ಚಿ ‘ಕಾರ್ಡ್ ದಂಡ’ ಅನ್ನೋ ಗಿರಾಕಿಗಳಿಂದಲೇ ನನ್ನ ಕಾಫಿ ಖರ್ಚು ನಡೆಯೋದು.”

“ಆಯ್ತು, ಹಾಕಿದ್ವಿ. ಆಟ ಶುರು ಮಾಡಿ ನಂಬರ್ ಬರ್ಕೊಳೋದು ತಾನೆ?”

“ಮೊದಲನೇ ಓಟ ಬರ್ಕೊಬೇಡ. ಮೊದಲ ದೋಸೆ ಅದು, ಕಾವಲಿಗೆ ಅಂಟ್ಕೊಳುತ್ತೆ. ಡ್ರೈವರ್ ಹೊಸದಾದಾಗ ಶೇಡರ್ (ಬಣ್ಣ, ಬೆಳಕು ಲೆಕ್ಕ ಹಾಕೋ ಪುಟ್ಟ ಪ್ರೋಗ್ರಾಂ) ಎಲ್ಲಾ ಮತ್ತೆ ಕಂಪೈಲ್ ಆಗ್ಬೇಕು, ಅಲ್ಲಲ್ಲಿ ಎಡವುತ್ತೆ. ಎಸೆದುಬಿಡು.”

“ಎರಡನೇದು?”

“ಅದಕ್ಕೂ ಮುಂಚೆ ಕಾರ್ಡ್ ಬಿಸಿಯಾಗ್ಬೇಕು. ತಣ್ಣಗಿರೋ ಕಾರ್ಡು ಮೊದಲ ಎರಡು ನಿಮಿಷ ಹೊಸ ಅಳಿಯನ ಥರ, ತುಂಬಾ ಹುರುಪು. ಬಿಸಿ ಏರ್ತಾ ಎನ್‌ವಿಡಿಯಾ ಕಾರ್ಡು 15 ಮೆಗಾಹರ್ಟ್ಸ್ ಲೆಕ್ಕದಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತೆ. ಹದಿನೈದು ನಿಮಿಷ ಆಟ ಓಡಿಸಿ, ಉಷ್ಣಾಂಶ ಏರೋದು ನಿಂತ ಮೇಲೆ ಅಳೀರಿ. ರೂಮಿಗೊಂದು ಥರ್ಮಾಮೀಟರ್ ಇಡಿ, ಕ್ಯಾಬಿನೆಟ್ ಗಾಳಿ ಎಳ್ಕೊಳೋ ಕಡೆ. ಏಪ್ರಿಲ್ ತಿಂಗಳಲ್ಲಿ ನಿನ್ನ ಕಾರ್ಡ್ ಬೆಳಿಗ್ಗೆ, ಅವನ್ದು ಮಧ್ಯಾಹ್ನ ಮೂರಕ್ಕೆ ಅಂದ್ರೆ, ರೂಮೇ ಕೆಲವು ಡಿಗ್ರಿ ಏರಿರುತ್ತೆ. ಕಾರ್ಡಿನ ಬಿಸಿಯೂ ಹೆಚ್ಚು ಕಡಿಮೆ ಅಷ್ಟೇ ಏರುತ್ತೆ.”

“ದೇವರಾಯನದುರ್ಗದ ಬೆಟ್ಟದ ಮೇಲೆ ಮಾಡಾಣ ಬಿಡಿ,” ಅಂದ ಕೆಂಪ.

“ಮಾಡು. ಮಂಗಗಳು ಪರೀಕ್ಷಕರಾಗಿರ್ತವೆ.”

ಯಾವ ಆಟ ಅನ್ನೋದಕ್ಕೆ ಹತ್ತು ನಿಮಿಷ ಜಗಳ. ಹಸಿರನಿಗೆ ವ್ಯಾಲರಂಟ್ ಬೇಕು, 1080ರಲ್ಲಿ, ಎಲ್ಲಾ ಲೋ ಸೆಟ್ಟಿಂಗು. ರಿಪೇರಿ ಹಣೆ ಚಚ್ಚಿಕೊಂಡ. “ಅಲ್ಲಿ ಪ್ರೊಸೆಸರ್ ಸುಸ್ತಾಗೋದು, ಕಾರ್ಡು ಬೀಡಿ ಸೇದ್ತಾ ಕೂತಿರುತ್ತೆ. ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಹಿಂದೆ ಸಿಕ್ಕೊಂಡ್ರೆ ಬುಲೆಟ್ಟೂ ಒಂದೇ, ಟಿವಿಎಸ್ ಫಿಫ್ಟಿಯೂ ಒಂದೇ. ಕಾರ್ಡಿನ ಬಳಕೆ ಶೇಕಡಾ 95ರ ಮೇಲಿದ್ರೆ ಮಾತ್ರ ನೀನು ಕಾರ್ಡನ್ನ ಅಳೀತಿದ್ದೀಯ. 70ರಲ್ಲಿ ಇದ್ರೆ ರೆಸಲ್ಯೂಷನ್ ಏರಿಸು.” ಕೊನೆಗೆ ನಾಲ್ಕು ಆಟ ಅಂತಾಯ್ತು. ಸೈಬರ್‌ಪಂಕ್ 2077, ಫೋರ್ಜಾ ಹೊರೈಜನ್ 5 ಎರಡಕ್ಕೂ ತಮ್ಮದೇ ಬೆಂಚ್‌ಮಾರ್ಕ್, ಅಂದ್ರೆ ವೇಗ ಅಳೆಯೋ ಓಟ, ಇದೆ. ಉಳಿದೆರಡಕ್ಕೆ ಒಂದೇ ಸೇವ್ ಫೈಲ್, ಒಂದೇ ದಾರಿ, ಅರವತ್ತು ಸೆಕೆಂಡ್ ನಡಿಗೆ. ಆಕಾಶ ನೋಡಿದರೆ ಎಫ್‌ಪಿಎಸ್ ಜಿಗಿಯುತ್ತೆ, ಹಾಗಾಗಿ ನಡೆಸುವವನು ಮೇಷ್ಟ್ರು ಅಂತ ತೀರ್ಮಾನ. ಅವರಿಗೆ ಪಾರ್ಟಿಯೂ ಇಲ್ಲ, ಆಡೋಕೂ ಬರಲ್ಲ.

“ಅಳೆಯೋದು ಕ್ಯಾಪ್‌ಫ್ರೇಮ್‌ಎಕ್ಸ್ ಅನ್ನೋ ಸಾಫ್ಟ್‌ವೇರಿನಲ್ಲಿ,” ಅಂದ ರಿಪೇರಿ. “ಮೂಲೆಯಲ್ಲಿ ಕುಣಿಯೋ ನಂಬರ್ ನೋಡಿ ‘ಅಂದಾಜು ತೊಂಬತ್ತು’ ಅನ್ನೋದು ನಡೆಯಲ್ಲ.”

“ಸರಾಸರಿ ನಾನೇ ತೆಗೀತೀನಿ,” ಅಂದ ಕೆಂಪ. “ಒಂದೊಂದು ಫ್ರೇಮಿನ ಎಫ್‌ಪಿಎಸ್ ಕೂಡಿ ಭಾಗಿಸಿದ್ರಾಯ್ತು.”

ಮೇಷ್ಟ್ರಿಗೆ ಲ್ಯಾಬಿನ ಹಳೇ ಕೋಪ ಬಂತು. “ಬಾ ಇಲ್ಲಿ. ನಾಲ್ಕು ಫ್ರೇಮ್ ಅಂದ್ಕೋ. ಮೂರಕ್ಕೆ ಹತ್ತತ್ತು ಮಿಲಿಸೆಕೆಂಡು, ಒಂದಕ್ಕೆ ಎಪ್ಪತ್ತು. ನಿನ್ನ ಲೆಕ್ಕದಲ್ಲಿ ನೂರು, ನೂರು, ನೂರು, ಹದಿನಾಲ್ಕು ಚಿಲ್ಲರೆ. ಕೂಡಿ ನಾಲ್ಕರಲ್ಲಿ ಭಾಗಿಸಿದ್ರೆ 78 ಚಿಲ್ಲರೆ. ಅಲ್ವಾ? ನಿಜವಾಗಿ ಆಗಿದ್ದೇನು? ಒಟ್ಟು ನೂರು ಮಿಲಿಸೆಕೆಂಡಲ್ಲಿ ನಾಲ್ಕೇ ಫ್ರೇಮು. ಅಂದ್ರೆ ಸೆಕೆಂಡಿಗೆ 40. ಒಟ್ಟು ಫ್ರೇಮನ್ನ ಒಟ್ಟು ಸೆಕೆಂಡಿನಿಂದ ಭಾಗಿಸಬೇಕು. ನೀನು ಹತ್ತಿರ ಹತ್ತಿರ ಎರಡರಷ್ಟು ವೇಗ ಬರೆದು ಪಾಸಾಗ್ತಿದ್ದೆ.”

ಕೆಂಪ ಪೇಪರನ್ನೇ ದಿಟ್ಟಿಸಿದ. “ಆ ಎಪ್ಪತ್ತರದ್ದೇ ಅಲ್ವಾ ಕೈಗೆ ಗೊತ್ತಾಗೋದು, ಗುಂಡು ಹೊಡೆಯೋ ಹೊತ್ತಿಗೆ ಒಂದು ಜಟ್ಕಾ?”

“ಅದಕ್ಕೇ ಒಂದು ಪರ್ಸೆಂಟ್ ಲೋ ಅಂತ ಇನ್ನೊಂದು ಕಾಲಂ,” ಅಂದ ರಿಪೇರಿ. “ಆರು ಸಾವಿರ ಫ್ರೇಮಲ್ಲಿ ತೀರಾ ನಿಧಾನದ ಅರವತ್ತು. ಕೆಲವು ಸಾಫ್ಟ್‌ವೇರು ಆ ಅರವತ್ತರ ಸರಾಸರಿ ಕೊಡ್ತವೆ, ಕೆಲವು ಅದರ ಗಡಿಯಲ್ಲಿರೋ ಒಂದೇ ಫ್ರೇಮ್ ತೋರಿಸ್ತವೆ. ಒಂದ್ರಲ್ಲಿ ಅಳೆದಿದ್ದನ್ನ ಇನ್ನೊಂದ್ರ ಪಕ್ಕ ಇಡಂಗಿಲ್ಲ.”

“ಎಲ್ಲಾ ಸರಿ,” ಅಂದರು ಮೇಷ್ಟ್ರು, “ತಕ್ಕಡೀನ ಖಾಲಿ ತೂಗಿ ನೋಡಿದ್ರಾ?”

ಮೂವರೂ ಮುಖ ಮುಖ ನೋಡಿಕೊಂಡರು.

“ಒಂದೇ ಕಾರ್ಡ್ ಮೂರು ಸಲ ಓಡಿಸಿ. 91, 94, 92 ಬಂತು ಅಂತಿಟ್ಕೊಳಿ. ಕಾರ್ಡು ಅದೇ, ಆದ್ರೂ ಮೂರು ವ್ಯತ್ಯಾಸ. ಹಂಗಾದ್ರೆ ಇವನ ಕಾರ್ಡು 94, ಅವನ್ದು 92 ಬಂದ್ರೆ ಯಾರು ಗೆದ್ದಂಗೆ?”

“ನಾನು,” ಅಂದ ಹಸಿರ.

“ಯಾರೂ ಇಲ್ಲ. ಆ ಎರಡು ನಿಮ್ಮ ತಕ್ಕಡಿ ಮುಳ್ಳಿನ ನಡುಕ. ಹಸಿರು, ಕೆಂಪು, ಮತ್ತೆ ಹಸಿರು, ಹೀಗೆ ಅಳೀರಿ. ಕೊನೇ ಹಸಿರು ಮೊದಲನೇ ಹಸಿರಿಗೆ ತಾಳೆ ಆಗ್ಲಿಲ್ಲ ಅಂದ್ರೆ ನಡುವೆ ರೂಮು ಕಾದಿದೆ, ಇಲ್ಲಾ ಹಿಂದೆ ಏನೋ ಅಪ್‌ಡೇಟ್ ನಡೀತಿದೆ. ಅವತ್ತಿನ ಲೆಕ್ಕ ಅಷ್ಟೂ ಕೆರೆಗೆ.”

ಇದು ರಿಪೇರಿಗೂ ಹೊಸದು. ಅವನು ಕಡ್ಲೆಕಾಯಿ ಬಿಟ್ಟು ಹೊತ್ತಿನ ಲೆಕ್ಕಕ್ಕೆ ಇಳಿದ. ನಾಲ್ಕು ಆಟ, ಎರಡು ರೆಸಲ್ಯೂಷನ್, ಎಸೆಯೋದು ಒಂದು, ಬರ್ಕೊಳೋದು ಮೂರು. ಒಂದು ಸುತ್ತಿಗೆ 32 ಓಟ. ಲೋಡಿಂಗ್ ಸೇರಿ ಓಟಕ್ಕೆ ಮೂರು ನಿಮಿಷ, 96 ನಿಮಿಷ. ಮೂರು ಸುತ್ತಿಗೆ 288. ಸುತ್ತಿಗೆ ಹದಿನೈದು ನಿಮಿಷ ಬಿಸಿ ಮಾಡೋಕೆ. ಎರಡು ಸಲ ಕಾರ್ಡ್ ಬದಲಿಸೋಕೆ ಅರ್ಧರ್ಧ ಗಂಟೆ.

“ಆರೂವರೆ ಗಂಟೆ ಮೇಲೆ ಮೂರು ನಿಮಿಷ,” ಅಂದರು ಮೇಷ್ಟ್ರು, ಅವನು ಬೆರಳು ಎಣಿಸಿ ಮುಗಿಸೋ ಮುಂಚೆ. “ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ರೆ ಸಂಜೆ ಐದರೊಳಗೆ ಮುಗೀತು. ಊಟ ನಿಂತ್ಕೊಂಡೇ.”

ಪ್ಲಾನಿನ ಪೇಪರನ್ನು ಕೆಂಪನ ಕೈಗೆ ಕೊಟ್ಟರು. ಅವನು ಹನ್ನೊಂದೂ ಅಂಶ ಓದಿ, ಇನ್ನೇನಾದರೂ ಇದೆಯಾ ಅಂತ ಹಿಂದೆ ತಿರುಗಿಸಿದ. ಓದಿ ಸುಮ್ಮನಾದ. ಆಮೇಲೆ ಜೋರಾಗಿ ಓದಿದ. “ವಿದ್ಯುತ್ ವ್ಯತ್ಯಯ. ನಿರ್ವಹಣಾ ಕಾಮಗಾರಿ ಪ್ರಯುಕ್ತ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ...”

“ಯುಪಿಎಸ್ ಇದೆ, 600 ವಿಎ,” ಅಂದ ಹಸಿರ.

“ಐದು ನಿಮಿಷ ಕೂಗಿ ಪ್ರಾಣ ಬಿಡುತ್ತೆ ಅದು.”

“ಕಡ್ಲೆಕಾಯಿ ಪೇಪರ್ ಕಣ್ರೋ, ಯಾವ ಕಾಲದ್ದೋ!” ಅಂದರು ಮೇಷ್ಟ್ರು. “ತಾರೀಕು ನೋಡು, ಮೇಲಿನ ಮೂಲೇಲಿರುತ್ತೆ.”

ಮೂಲೆ ಇರಲಿಲ್ಲ. ಮೂವರೂ ಹಸಿರನ ಕಡೆ ತಿರುಗಿದರು. ಅವನು ಸಿಪ್ಪೆಯ ಸಮೇತ ಅದನ್ನು ಉಂಡೆ ಮಾಡಿ ಆಗಷ್ಟೇ ಕೆರೆ ದಂಡೆಯ ಕಸದಬುಟ್ಟಿಗೆ ಎಸೆದು ಬಂದಿದ್ದ.