ಸನ್ ಯಾತ್ ಸೆನ್ ಹುಟ್ಟೂರಿನ ಮನೆ: ಗ್ವಾಂಗ್‌ಝೌದಿಂದ ಒಂದು ದಿನದಲ್ಲಿ ನೋಡಿ ಬರಬಹುದೇ?

ಪ್ರಶ್ನೆ: ತೋಟಿಗ, ಶಿರಸಿ

ಮಾನ್ಯರೇ, ಕಾಳುಮೆಣಸು ಮತ್ತು ಅಡಕೆ ಸಂಸ್ಕರಣೆಯ ಯಂತ್ರಗಳನ್ನು ನೋಡುವ ಸಲುವಾಗಿ ಬರುವ ಅಕ್ಟೋಬರ್‌ನಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ ಹೋಗುವವನಿದ್ದೇನೆ. ಅಪ್ಪಯ್ಯನೂ ಜೊತೆಗೆ ಬರುತ್ತಿದ್ದಾರೆ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅವರಿಗೆ ಯಂತ್ರಗಳಲ್ಲಿ ಆಸಕ್ತಿಯಿಲ್ಲ. ಚೀನಾ ಗಣರಾಜ್ಯದ ಮೊದಲ ತಾತ್ಕಾಲಿಕ ಅಧ್ಯಕ್ಷರಾಗಿದ್ದ ಡಾ. ಸನ್ ಯಾತ್ ಸೆನ್ ಅವರ ಮನೆಯನ್ನು ನೋಡಬೇಕೆಂಬುದೊಂದೇ ಅವರ ಅಪೇಕ್ಷೆ. ಹುಟ್ಟೂರಾದ ತ್ಸುಯ್‌ಹೆಂಗ್ ಹಳ್ಳಿಯ ಮನೆ ಗ್ವಾಂಗ್‌ಝೌಗೆ ಸಮೀಪವೆನ್ನುತ್ತಾರೆ. ಶಾಂಘೈನ ಮನೆಯೇ ಹೆಚ್ಚು ಮಹತ್ವದ್ದೆಂದು ಬೇರೆ ಕೆಲವರ ಮಾತು. ನಮಗಿರುವುದು ಒಂದೇ ದಿನದ ಬಿಡುವು. ದೊಡ್ಡವರ ಮನೆಗಳೆಂದರೆ ಹಗ್ಗದಾಚೆ ಒಂದು ಮಂಚ, ಒಂದು ಕುರ್ಚಿ, ಗಾಜಿನ ಪೆಟ್ಟಿಗೆಯಲ್ಲೊಂದು ಕನ್ನಡಕ ಎಂಬುದೇ ನನ್ನ ಈವರೆಗಿನ ಅನುಭವವಾದ್ದರಿಂದ, ನೋಡುವಂಥದ್ದು ಅಲ್ಲಿ ನಿಜಕ್ಕೂ ಏನಿದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಅಪ್ಪಯ್ಯನಿಗೆ ಮೊಣಕಾಲು ನೋವಿದೆ, ನಮ್ಮಿಬ್ಬರದೂ ಸಸ್ಯಾಹಾರ.

ಉತ್ತರ: ಕಡಲತಡಿಯವ, ಕಾರವಾರ

ತ್ಸುಯ್‌ಹೆಂಗ್‌ಗೇ ಹೋಗಿರಿ. ಹಡಗಿನ ಕೆಲಸದಲ್ಲಿದ್ದಾಗ ಆ ದಿಕ್ಕಿನ ಬಂದರಿನಿಂದ ಅಲ್ಲಿಗೆ ಹೋಗಿದ್ದೆ. ಅಲ್ಲಿ ನೋಡಬೇಕಾದ ಮುಖ್ಯ ವಸ್ತು ಒಳಗಿನ ಪೀಠೋಪಕರಣವಲ್ಲ, ಮನೆಯೇ. 1892ರಲ್ಲಿ, ಅಂದರೆ ಹಾಂಗ್‌ಕಾಂಗ್‌ನಲ್ಲಿ ವೈದ್ಯಕೀಯ ಪದವಿ ಪಡೆದ ವರ್ಷವೇ, ಸನ್ ಅವರು ತಾವೇ ವಿನ್ಯಾಸ ಮಾಡಿ ಕಟ್ಟಿಸಿದ ಎರಡಂತಸ್ತಿನ ಮನೆಯದು. ಆಗ ಅವರಿನ್ನೂ ಯಾವ ನಾಯಕರೂ ಅಲ್ಲ, ಇಪ್ಪತ್ತೈದು ದಾಟಿದ ಒಬ್ಬ ಹೊಸ ವೈದ್ಯರಷ್ಟೇ. ಎದುರಿಗೆ ಮೇಲೂ ಕೆಳಗೂ ಏಳೇಳು ಕಮಾನುಗಳ ಪಾಶ್ಚಾತ್ಯ ಮಾದರಿಯ ಮೊಗಸಾಲೆ. ಒಳಗೆ ಹೊಕ್ಕರೆ ನಡುಮನೆ, ಮಲಗುವ ಕೋಣೆಗಳೆಲ್ಲ ಚೀನೀ ಕ್ರಮದಲ್ಲಿಯೇ ಇವೆ. ಊರಿನ ಉಳಿದ ಮನೆಗಳ ದಿಕ್ಕಿಗೆ ವಿರುದ್ಧವಾಗಿ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ವಾಸ್ತು ನೋಡದೆ ಕೊಟ್ಟಿಗೆಯ ಬಾಗಿಲನ್ನೂ ಇಡದ ನಮ್ಮ ಜಿಲ್ಲೆಯವರಿಗೆ, ಅಂಥದೇ ನಂಬಿಕೆಯುಳ್ಳ ಹಳ್ಳಿಯಲ್ಲಿ ಹೀಗೆ ತಿರುಗಿ ನಿಂತ ಮನೆಯ ಧೈರ್ಯವೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಕಿಟಕಿ ಬಾಗಿಲುಗಳು ಧಾರಾಳವಾಗಿರುವುದರಿಂದ ಎಡಕ್ಕೆ ಹೊರಟರೂ ಬಲಕ್ಕೆ ಹೊರಟರೂ ಸುತ್ತಿ ಮತ್ತೆ ಹೊರಟಲ್ಲಿಗೇ ಬರಬಹುದು.

ಅಂಗಳದಲ್ಲಿ ಒಂದು ಬಾವಿಯಿದೆ. 1866ರಲ್ಲಿ ಅವರು ಹುಟ್ಟಿದ್ದು ಇದೇ ಹಿತ್ತಲಿನಲ್ಲಿದ್ದ ಹಳೆಯ ಚಿಕ್ಕ ಮನೆಯಲ್ಲಿ. ಅಲ್ಲಿಯೇ ಒಂದು ಹುಣಸೆ ಮರವೂ ಇದೆ. ಹವಾಯಿಯಲ್ಲಿ ಓದುತ್ತಿದ್ದ ಹುಡುಗ 1883ರಲ್ಲಿ ಊರಿಗೆ ಮರಳುವಾಗ ತಂದ ಬೀಜದಿಂದ ಬೆಳೆದದ್ದೆಂದು ಹೇಳುತ್ತಾರೆ. (ಇಂದಾಗಿದ್ದರೆ ಆ ಬೀಜ ಸುಂಕದ ಕಟ್ಟೆಯನ್ನು ದಾಟುತ್ತಿರಲಿಲ್ಲ.) ಸುತ್ತಲ ಹಳೆಯ ಮನೆಗಳನ್ನೂ ಕೃಷಿ ಪ್ರದರ್ಶನವನ್ನೂ ಸೇರಿಸಿ ಊರಿನ ಆ ಭಾಗವನ್ನೇ ವಸ್ತುಸಂಗ್ರಹಾಲಯದ ಆವರಣವನ್ನಾಗಿ ಮಾಡಿರುವುದರಿಂದ, ತೋಟಗಾರರಾದ ತಮಗೆ ಬೇಸರವಾಗದು.

ಉತ್ತರ: ಅಘನಾಶಿನಿ ದಂಡೆ, ಕುಮಟಾ

ಮೇಲಿನವರ ಮಾತಿಗೆ ನನ್ನ ಸಮ್ಮತಿ ಅರ್ಧ ಮಾತ್ರ. ರಾಜಕಾರಣಿ ಸನ್ ಅವರನ್ನು ಅರಿಯಬೇಕಾದರೆ ಶಾಂಘೈನ ಮನೆಯೇ ಸರಿ. ಆಗಿನ ಫ್ರೆಂಚ್ ವಸಾಹತಿನಲ್ಲಿದ್ದ ಆ ಮನೆಯಲ್ಲಿ 1918ರಿಂದ 1924ರವರೆಗೆ ಅವರು ಪತ್ನಿ ಸೂಂಗ್ ಚಿಂಗ್‌ಲಿಂಗ್ ಅವರೊಂದಿಗೆ ವಾಸವಾಗಿದ್ದರು. ಸೋವಿಯತ್ ಪ್ರತಿನಿಧಿ ಅಡಾಲ್ಫ್ ಜೋಫೆ ಅವರೊಂದಿಗೆ 1923ರ ಜನವರಿಯಲ್ಲಿ ಜಂಟಿ ಹೇಳಿಕೆ ಹೊರಡಿಸಿದ್ದು ಆ ನಗರದಿಂದಲೇ. ಕೋಣೆಗಳ ಜೋಡಣೆ ಸೂಂಗ್ ಅವರ ನೆನಪಿನಂತೆ ಆದದ್ದು. ಸನ್ ಅವರ ಗ್ರಂಥಸಂಗ್ರಹವನ್ನು ಕಂಡರೆ ತಮ್ಮ ತಂದೆಯವರು ಹೊರಗೆ ಬರಲು ಒಪ್ಪಲಿಕ್ಕಿಲ್ಲ. ಆದರೆ ಒಂದು ದಿನಕ್ಕಾಗಿ ವಿಮಾನ ಹತ್ತಿಳಿಯುವುದು ಮೊಣಕಾಲು ನೋವಿನವರಿಗೆ ಶಿಕ್ಷೆಯಾದೀತು ಎಂಬುದನ್ನು ಒಪ್ಪುತ್ತೇನೆ.

ಉತ್ತರ: ನಿವೃತ್ತ ಅಧ್ಯಾಪಕಿ, ಅಂಕೋಲಾ

ತ್ಸುಯ್‌ಹೆಂಗ್‌ಗೆ ಹೋಗುವುದಾದರೆ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕೆಂದು ನನ್ನ ಸೂಚನೆ: ಅದು ಯಾರ ಮನೆ? ಫಲಕದ ಮೇಲೆ ಇರುವುದು ಸನ್ ಅವರ ಹೆಸರು. ಆದರೆ ಕಟ್ಟಲು ಹಣ ಬಂದದ್ದು ಹವಾಯಿಯಲ್ಲಿ ದುಡಿಯುತ್ತಿದ್ದ ಅಣ್ಣ ಸನ್ ಮೇ ಅವರಿಂದ. ಮೌಯಿ ದ್ವೀಪದಲ್ಲಿ ದನಗಳನ್ನು ಸಾಕಿ, ಭೂಮಿ ಮಾಡಿ ಸಿರಿವಂತನಾದ ಆ ಅಣ್ಣನೇ ತಮ್ಮನನ್ನು ಓದಿಸಿದ್ದು. ಮುಂದೆ ಚಿಂಗ್ ರಾಜಮನೆತನದ ವಿರುದ್ಧ ತಮ್ಮ ಹೂಡಿದ ಕ್ರಾಂತಿಗೆ ಹಣ ಕೊಡುತ್ತ ಕೊಡುತ್ತ ಗಳಿಸಿದ್ದನ್ನೆಲ್ಲ ಕಳೆದುಕೊಂಡು, 1915ರಲ್ಲಿ ಮಕಾವ್‌ನಲ್ಲಿ ತೀರಿಕೊಂಡರು. ಸನ್ ಅವರಾದರೋ ಆ ಮನೆಯಲ್ಲಿ ಇದ್ದದ್ದೇ ಕಡಿಮೆ. 1895ರ ಗ್ವಾಂಗ್‌ಝೌ ದಂಗೆ ವಿಫಲವಾದ ಮೇಲೆ ಅವರು ದೇಶಭ್ರಷ್ಟರಾದರು. ಅದೇ ಊರಿನ ಗೆಳೆಯ ಲು ಹಾವೊದುಂಗ್ ಸಿಕ್ಕಿಬಿದ್ದು ಪ್ರಾಣ ತೆತ್ತರು. ಮತ್ತೆ ಸನ್ ಊರಿಗೆ ಬಂದದ್ದು ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟ ಬಳಿಕ, 1912ರ ಮೇ ತಿಂಗಳಲ್ಲಿ. ಮನೆಯಲ್ಲಿ ದಿನನಿತ್ಯದ ಸಂಸಾರ ನಡೆಸಿದವರು ತಾಯಿ ಮತ್ತು ಮೊದಲ ಪತ್ನಿ ಲು ಮುಜೆನ್. ದಂಗೆಯ ನಂತರ ಅವರೂ ಮಕ್ಕಳನ್ನು ಕಟ್ಟಿಕೊಂಡು ಹವಾಯಿಗೆ ಓಡಬೇಕಾಯಿತು. ಕುಮಟಾದವರು ಹೇಳಿದ ಶಾಂಘೈನ ಮನೆಯೂ ಕೆನಡಾದಲ್ಲಿ ನೆಲೆಸಿದ್ದ ಚೀನೀಯರು ಕೊಂಡುಕೊಟ್ಟದ್ದೇ. ಹೀಗೆ ಪರದೇಶದಲ್ಲಿ ಬೆವರು ಸುರಿಸಿದವರ ದುಡ್ಡು ಆ ಕ್ರಾಂತಿಯ ಉದ್ದಕ್ಕೂ ಇದೆ.

ಅಂಕೋಲಾ, ಸಿದ್ದಾಪುರಗಳ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆಗಳ ಕಥೆ ಕೇಳಿ ಬೆಳೆದ ನಮಗೆ ಇದು ಬೇಗನೆ ತಟ್ಟುತ್ತದೆ. ಮುಂದಾಳುಗಳ ಹೆಸರು ಎಲ್ಲರಿಗೂ ಗೊತ್ತು, ಮನೆಯ ಭಾರ ಹೊತ್ತವರು ಯಾರೆಂದು ಕೇಳಿದರೆ ಉತ್ತರಿಸಲು ಮೊಮ್ಮಕ್ಕಳೇ ಬೇಕು. ಆದ್ದರಿಂದ ತಮ್ಮ ತಂದೆಯವರು ಅಲ್ಲಿ ಅಣ್ಣನನ್ನೂ ಆ ಹೆಂಗಸರನ್ನೂ ಹುಡುಕಲಿ. ಇತಿಹಾಸದ ಮೇಷ್ಟರಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ತೋಟಿಗ, ಶಿರಸಿ

ಎಲ್ಲರಿಗೂ ವಂದನೆಗಳು. ಅಧ್ಯಾಪಕಿಯವರ ಉತ್ತರವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ಶಾಂಘೈ ಪ್ರಸ್ತಾಪವನ್ನು ಅವರೇ ಕೈಬಿಟ್ಟರು. ಕಾರವಾರದವರು ಪ್ರಯಾಣ ಮತ್ತು ಊಟದ ವಿಚಾರವನ್ನು ಇನ್ನಷ್ಟು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಡಲತಡಿಯವ, ಕಾರವಾರ

ಗ್ವಾಂಗ್‌ಝೌ ದಕ್ಷಿಣ ನಿಲ್ದಾಣದಿಂದ ಝುಹಾಯ್ ಕಡೆಗೆ ಹೋಗುವ ರೈಲಿನಲ್ಲಿ ಝೊಂಗ್‌ಶಾನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು. ರೈಲಿನ ಟಿಕೆಟ್‌ಗೆ ಪಾಸ್‌ಪೋರ್ಟ್ ಬೇಕೇ ಬೇಕು. ಅಲ್ಲಿ ಸನ್ ಯಾತ್ ಸೆನ್ ಅವರನ್ನು ಕರೆಯುವುದು ಸನ್ ಝೊಂಗ್‌ಶಾನ್ ಎಂದು. ನಗರಕ್ಕೂ ಅದೇ ಹೆಸರಿರುವುದರಿಂದ ಬಾಯಲ್ಲಿ ಹೇಳುವ ಬದಲು ಮನೆಯ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಂಡು ಚಾಲಕನಿಗೆ ತೋರಿಸಿರಿ. ಹಣ ಪಾವತಿಗೆ ಅಲಿಪೇ ಆ್ಯಪ್‌ಗೆ ಕಾರ್ಡನ್ನು ಊರಿನಲ್ಲಿಯೇ ಜೋಡಿಸಿಕೊಳ್ಳುವುದು ಒಳ್ಳೆಯದು. ಪ್ರವೇಶಕ್ಕೆ ಶುಲ್ಕವಿಲ್ಲ, ತೆರೆದಿರುವ ದಿನವನ್ನು ಹೋಟೆಲಿನವರಿಂದ ಹಿಂದಿನ ದಿನ ವಿಚಾರಿಸಿಕೊಳ್ಳಿರಿ. ಸಸ್ಯಾಹಾರದ ಊಟ ಗ್ವಾಂಗ್‌ಝೌದಲ್ಲಿ ಹುಡುಕಿದರೆ ಸಿಗುತ್ತದೆ, ಹಳ್ಳಿಯಲ್ಲಿ ನಂಬುವಂತಿಲ್ಲವಾದ್ದರಿಂದ ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ತಾಜಾ ಹಣ್ಣು ತರಕಾರಿಗಳನ್ನು ಮಾತ್ರ ಒಯ್ಯಬೇಡಿರಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡಿಸುತ್ತಾರೆ.