ಎಸಿಎಲ್ ಆಪರೇಷನ್ ಆಗಿ 4 ತಿಂಗಳು, ಮಂಡಿ ಪೂರ್ತಿ ನೆಟ್ಟಗಾಗುತ್ತಿಲ್ಲ

ಎಡಗಾಲು_ರೈಡರ್:
ಕಬಡ್ಡಿ ಆಡುವಾಗ ಎಡಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದಿತ್ತು. ಅದರ ಜಾಗಕ್ಕೆ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್, ಅಂದರೆ ತೊಡೆಯ ಹಿಂಭಾಗದಿಂದ ತೆಗೆದ ಬದಲಿ ಪಟ್ಟಿ ಹಾಕಿದರು, ದಪ್ಪ 8 ಮಿ.ಮೀ. ಮಡಚಲು ಏನೂ ತೊಂದರೆ ಇಲ್ಲ, 130 ಡಿಗ್ರಿ ಬರುತ್ತದೆ. ಆದರೆ ಚಾಚುವಾಗ ಕೊನೆಯಲ್ಲಿ ಏನೋ ಅಡ್ಡ ಸಿಕ್ಕಿದಂತೆ ನಿಂತುಬಿಡುತ್ತದೆ, ಟಕ್ ಅಂತ ಸದ್ದೂ ಬರುತ್ತದೆ. ಕುಂಟುತ್ತಾ ನಡೆಯುತ್ತಿದ್ದೇನೆ. ಗೆಳೆಯನಿಗೆ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯಿಂದ ಗ್ರಾಫ್ಟ್ ತೆಗೆದಿದ್ದರು, ಅವನು ಆರಾಮಾಗಿದ್ದಾನೆ. ನನ್ನ ಗ್ರಾಫ್ಟ್ ಆಯ್ಕೆಯೇ ತಪ್ಪಾಯಿತಾ?

ಮಂಡಿ_ಫಿಸಿಯೋ:
ಗ್ರಾಫ್ಟನ್ನು ಸುಮ್ನೆ ಬೈಯಬೇಡಿ. ಚಿಪ್ಪಿನ ಪಟ್ಟಿಯ ಎರಡೂ ತುದಿಯಲ್ಲಿ ಮೂಳೆ ತುಂಡು ಇರುತ್ತದೆ, ಅದು ಟನಲ್‌ನಲ್ಲಿ (ಗ್ರಾಫ್ಟ್ ಕೂರಿಸಲು ಮೂಳೆಯಲ್ಲಿ ಕೊರೆದ ತೂತಿನಲ್ಲಿ) ಬೇಗ ಕೂಡಿಕೊಳ್ಳುತ್ತದೆ ನಿಜ. ಆದರೆ ಮಂಡಿಯೂರಿ ಕೂತರೆ ನೋವು ಜಾಸ್ತಿ. ನಿಮ್ಮ ಗೆಳೆಯನನ್ನು ನೆಲ ಒರೆಸಲು ಹೇಳಿ ನೋಡಿ!

ಮೊದಲು ಅಳತೆ ತೆಗೆಯಿರಿ. ಮಂಚದ ಮೇಲೆ ಬೋರಲು ಮಲಗಿ, ಮಂಡಿಯಿಂದ ಕೆಳಗಿನ ಭಾಗ ಅಂಚಿನಿಂದ ಹೊರಗಿರಲಿ. ಎರಡು ಹಿಮ್ಮಡಿಗಳ ಎತ್ತರದಲ್ಲಿ ಎಷ್ಟು ವ್ಯತ್ಯಾಸ? 1 ಸೆಂ.ಮೀ. ಅಂದರೆ ಸುಮಾರು 1 ಡಿಗ್ರಿ ಬಾಕಿ. ಇನ್ನೊಂದು: ಬೇರೆಯವರು ಒತ್ತಿದರೆ ಕಾಲು ನೆಟ್ಟಗಾಗುತ್ತದಾ? ಹಾಗೆ ಆಗುವುದಾದರೆ ತೊಡೆಯ ಸ್ನಾಯು ಸೋತಿದೆ ಅಂತ. ಒತ್ತಿದರೂ ಆಗದಿದ್ದರೆ ಒಳಗೆ ಏನೋ ತಡೆಯುತ್ತಿದೆ.

ಎಡಗಾಲು_ರೈಡರ್:
7 ಸೆಂ.ಮೀ. ಒತ್ತಿದರೂ ಹೋಗುವುದಿಲ್ಲ, ಮುಂದುಗಡೆ ಚುಚ್ಚುತ್ತದೆ.

ಮಂಡಿ_ಫಿಸಿಯೋ:
ಹಾಗಿದ್ದರೆ ಮನೆಯಲ್ಲಿ ತೂಕ ಕಟ್ಟಿ ಒತ್ತುವುದನ್ನು ನಿಲ್ಲಿಸಿ, ಸರ್ಜನ್‌ಗೆ ತೋರಿಸಿ. ನನಗೆ ಎರಡು ಅನುಮಾನ. ಒಂದು, ಸೈಕ್ಲಾಪ್ಸ್: ಗ್ರಾಫ್ಟ್‌ನ ಮುಂದೆ ಬೆಳೆಯುವ ಕಲೆಯಂಥ ಗಂಟು. ಮಂಡಿಯೊಳಗೆ ಬಿಡುವ ಕ್ಯಾಮೆರಾದಲ್ಲಿ ಒಂದೇ ಕಣ್ಣಿನಂತೆ ಕಾಣುತ್ತದೆ, ಅದಕ್ಕೇ ಗ್ರೀಕರ ಒಂಟಿಗಣ್ಣಿನ ರಾಕ್ಷಸನ ಹೆಸರು. ಬಾಗಿಲ ಸಂದಿಗೆ ಕಲ್ಲು ಸಿಕ್ಕಿದರೆ ಬಾಗಿಲು ಹಾಕಲು ಆಗುವುದಿಲ್ಲ, ಅಲ್ವಾ? ಹಾಗೇ ಇದೂ. ಇನ್ನೊಂದು, ಮಂಡಿ ಕೆಳಗಿನ ಮೂಳೆಯ ಟನಲ್ ತೀರಾ ಮುಂದೆ ಕೊರೆದಿರಬಹುದು. ಆಗ ಚಾಚಿದಾಗಲೆಲ್ಲ ಗ್ರಾಫ್ಟ್ ಮೇಲಿನ ಮೂಳೆಗೆ ತಾಗುತ್ತದೆ. ಎಂಆರ್‌ಐನಲ್ಲಿ ಎರಡೂ ಕಾಣುತ್ತವೆ. ಗಂಟಾದರೆ ಕೀಹೋಲ್ ಆಪರೇಷನ್‌ನಲ್ಲಿ, ಸಣ್ಣ ತೂತಿನ ಮೂಲಕ ತೆಗೆಯಬಹುದು. ಟನಲ್ ತಪ್ಪಿದ್ದರೆ ಕಷ್ಟ, ಕೆಲವೊಮ್ಮೆ ಇಡೀ ಆಪರೇಷನ್ ಮತ್ತೆ ಮಾಡಬೇಕಾಗುತ್ತದೆ.

ಹಳೇ_ಗೋಲಿ:
ನನಗೂ ಇದೇ ಆಗಿತ್ತು. ಎಲ್ಲರೂ "ಎಷ್ಟು ಮಡಚುತ್ತೀಯ" ಅಂತಲೇ ಕೇಳುತ್ತಿದ್ದರು. ಚಾಚುವುದನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮಂಡಿ ಕೆಳಗೆ ದಿಂಬಿಟ್ಟು ಮಲಗುತ್ತಿದ್ದೆ ಬೇರೆ! ದಿಂಬು ಹಿಮ್ಮಡಿ ಕೆಳಗೆ ಇರಬೇಕಿತ್ತು.

ಎಡಗಾಲು_ರೈಡರ್:
ಅಪ್‌ಡೇಟ್. ಎಂಆರ್‌ಐನಲ್ಲಿ ಗಂಟು ಸಿಕ್ಕಿತು, ಟನಲ್ ಜಾಗ ಸರಿಯಾಗಿದೆಯಂತೆ. ಗಂಟು ತೆಗೆದು 3 ವಾರ ಆಯಿತು. ಹಿಮ್ಮಡಿ ವ್ಯತ್ಯಾಸ ಈಗ 1 ಸೆಂ.ಮೀ. ಕಬಡ್ಡಿ ಮಾತ್ರ ಮೊದಲ ಆಪರೇಷನ್‌ನಿಂದ 9 ತಿಂಗಳು ಆಗುವವರೆಗೆ ಕೇಳಲೇಬೇಡ ಅಂದರು.