ಅಪ್‌ಡೇಟ್: ಮಗಳು ಕತೆ ಬರೆಯುತ್ತಿದ್ದಾಳೆ, ಅಡ್ಡಿಯಾಗಿದ್ದು ನಾನೇ!

ಎರಡು ತಿಂಗಳ ಹಿಂದೆ ಕೇಳಿದ್ದೆ: ಮೂರನೇ ಕ್ಲಾಸಿನ ಮಗಳು ಬಾಯಲ್ಲಿ ಎಷ್ಟು ಬೇಕಾದರೂ ಕತೆ ಹೇಳುತ್ತಾಳೆ, ಪೆನ್ಸಿಲ್ ಹಿಡಿದರೆ ಎರಡೇ ಸಾಲಿಗೆ ಸುಸ್ತು, ಏನು ಮಾಡಲಿ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಮೊದಲು ನಿಮ್ಮ ಕೆಂಪು ಪೆನ್ನು ಎತ್ತಿಡಿ" ಅಂತ ಒಬ್ಬರು ಬರೆದಿದ್ದರು. ಸ್ವಲ್ಪ ಚುಚ್ಚಿತು. ಆದರೆ ಹಳೇ ನೋಟ್‌ಬುಕ್ ತೆಗೆದು ನೋಡಿದರೆ ಅವಳ ಅಕ್ಷರಕ್ಕಿಂತ ನನ್ನ ಗುರುತುಗಳೇ ಜಾಸ್ತಿ. ಬರೀ ಒತ್ತಕ್ಷರ, ಮಹಾಪ್ರಾಣದ ತಪ್ಪುಗಳು. ಈಗ ತಿದ್ದುವುದು ಬಿಟ್ಟಿದ್ದೇನೆ.

ಈಗ ಅವಳು ಕತೆ ಹೇಳುತ್ತಾಳೆ, ಅವಳು ಹೇಳಿದ ಹಾಗೇ ನಾನು ಬರೆದುಕೊಳ್ಳುತ್ತೇನೆ. ಕತೆ ಬಿಸಿ ಏರಿದಾಗ, "ಸಾರಿಗೆ ಒಗ್ಗರಣೆ ಹಾಕಿ ಬರ್ತೀನಿ, ಅಷ್ಟರಲ್ಲಿ ಮುಂದಿನದು ನೀನೇ ಬರಿ" ಅಂತ ಎದ್ದು ಹೋಗುತ್ತೇನೆ. ಮೊದಲ ವಾರ ಒಂದು ಸಾಲು ಬಂತು. ಈಗ ಒಂದು ಪುಟ. ನಾಯಕ ಎದುರಿನ ಹೊಂಗೆಮರದ ಕಾಗೆ. ಪಿತೃಪಕ್ಷದಲ್ಲಿ ತಿಂದು ತಿಂದು ಹಾರಲಾಗದೆ ಸಿಟಿ ಬಸ್ ಹತ್ತುತ್ತದೆ. ಕಂಡಕ್ಟರ್ ಟಿಕೆಟ್ ಕೇಳಿದರೆ ಅನ್ನದ ಉಂಡೆ ಕೊಡುತ್ತದೆ!

ದಿನಚರಿ ಬರೆಸುವ ಸಲಹೆ ಮಾತ್ರ ನಮ್ಮಲ್ಲಿ ನಡೆಯಲಿಲ್ಲ. ನಾಲ್ಕು ದಿನ "ಎದ್ದೆ, ಹಲ್ಲುಜ್ಜಿದೆ, ದೋಸೆ ತಿಂದೆ". ಐದನೇ ದಿನ ಡೈರಿ ಮಂಚದ ಕೆಳಗೆ ಸಿಕ್ಕಿತು.

ಊರಲ್ಲಿರುವ ಅಜ್ಜಿಗೆ 50 ಪೈಸೆಯ ಪೋಸ್ಟ್‌ಕಾರ್ಡ್ ಹಾಕಿಸಿದ್ದು ನನ್ನದೇ ಐಡಿಯಾ. ಕಾರ್ಡಿನಲ್ಲಿ ಜಾಗ ಕಡಿಮೆ, ಹಾಗಾಗಿ ಬರೆಯಲು ಹೆದರಿಕೆ ಇಲ್ಲ. ಮೊನ್ನೆ ಅಜ್ಜಿಯ ಉತ್ತರ ಬಂತು: "ಅನ್ನದುಂಡೆ ಕೊಟ್ಟುಬಿಟ್ಟಿತಲ್ಲ, ಕಾಗೆ ವಾಪಸ್ ಹೆಂಗೆ ಬಂತು?"

ಮೂರು ದಿನದಿಂದ ಅದರದ್ದೇ ಚರ್ಚೆ. ಎರಡು ಕಾರ್ಡ್ ಆಗಲೇ ತುಂಬಿವೆ.